ಮಾಮನ ಹೆಸರಿನಲ್ಲಿ ಒಂದು ಗ್ಲಾಸ್

ಕತಾರಿನಲ್ಲಿ ಈದ್ ರಜೆ ಬಂತೆಂದರೆ ನಮ್ಮವರ ಬಾಯಲ್ಲಿ ಎರಡೇ ಊರು. ಒಂದು ಮಂಗಳೂರು, ಇನ್ನೊಂದು ಜಾರ್ಜಿಯಾ. ಇಲ್ಲಿನ ಐಡಿ ಕಾರ್ಡ್ ಇದ್ದರೆ ವೀಸಾದ ರಗಳೆ ಇಲ್ಲ, ವಿಮಾನ ಹತ್ತಿದರೆ ಮೂರು ಗಂಟೆಯಲ್ಲಿ ಹಿಮದ ಬೆಟ್ಟ. ಅಲ್ ವಕ್ರಾದಲ್ಲಿ ನಾವಿರುವ ಕಟ್ಟಡದಲ್ಲಿ ಅಲ್ಲಿಗೆ ಹೋಗದೆ ಉಳಿದವರು ನಾವು ಮಾತ್ರ ಎನ್ನುವಂತಾಗಿತ್ತು. ಎದುರು ಫ್ಲ್ಯಾಟಿನವರಂತೂ ಹಿಮದ ಮೇಲೆ ಸೀರೆಯುಟ್ಟು ನಿಂತ ಫೋಟೊಗೆ ಫ್ರೇಮ್ ಹಾಕಿಸಿ, ಬಾಗಿಲು ತೆರೆದರೆ ಕಾಣುವಂತೆ ತೂಗುಹಾಕಿದ್ದರು. ನನಗೂ ಹೊಟ್ಟೆಕಿಚ್ಚು. ಆ ಕಿಚ್ಚಿನಲ್ಲಿ ನಾನೇ ಟಿಕೆಟ್ ಮಾಡಿಸಿದೆ.

ಟೂರಿನ ಕಾಗದದಲ್ಲಿ ಎರಡನೆಯ ದಿನಕ್ಕೆ, ಬೆಟ್ಟದ ಮೇಲಿನ ಐತಿಹಾಸಿಕ ಪಟ್ಟಣ, ವೈನ್ ಸೀಮೆ ಎಂದಿತ್ತು. ಐತಿಹಾಸಿಕ ಎಂಬುದನ್ನು ಓದಿದೆ, ವೈನ್ ಎಂಬುದನ್ನು ಓದಲಿಲ್ಲ. ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿ, ಇಷ್ಟು ವರ್ಷ ಆಯಿತಲ್ಲ, ಇನ್ನೇನು ಹೆದರಿಕೆ ಎಂದುಕೊಂಡೆ.

ಹೆದರಿಕೆ ನನ್ನ ಗಂಡನ ಕುಡಿತದ್ದು. ಕ್ರಿಸ್ಮಸ್ಸಿಗೆಂದು ನಮ್ಮ ಕಡೆ ಮನೆಯಲ್ಲೇ ಹಾಕಿಡುವ ದ್ರಾಕ್ಷಿ ವೈನನ್ನು ನವೆಂಬರಿನಲ್ಲೇ ಮುಗಿಸಿ, ಭರಣಿಗೆ ನೀರು ತುಂಬಿಸಿಟ್ಟ ಮನುಷ್ಯ ಇವರು. ಈಗ ನಗುತ್ತಾ ಹೇಳುತ್ತೇನೆ. ಆಗ ನಗು ಬಂದಿರಲಿಲ್ಲ. ತಂದೆಯಿಲ್ಲದ ಇವರನ್ನು ಸಾಕಿ ದೊಡ್ಡದು ಮಾಡಿದ್ದು ತಾಯಿಯ ಅಣ್ಣ. ಇವರು ಅವರನ್ನು ಮಾಮ ಎನ್ನುತ್ತಿದ್ದರು. ಆ ಮಾಮನೇ ಯಾರ್ಯಾರದೋ ಕೈಕಾಲು ಹಿಡಿದು ಇವರಿಗೆ ಕತಾರಿನ ವೀಸಾ ಮಾಡಿಸಿಕೊಟ್ಟರು. "ಹೋಗು ಮಾರಾಯ, ಅಲ್ಲಿ ಅದು ಅಷ್ಟು ಸುಲಭದಲ್ಲಿ ಸಿಗುದಿಲ್ಲಂತೆ" ಎಂದರು. ಮಾಮನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ, ಬಸ್ಸಿನಲ್ಲಿ ಹೋಗು, ಬಸ್ಸಿನಲ್ಲಿ ಬಾ, ಮಲಗು. ಹನ್ನೊಂದು ವರ್ಷ ಇವರು ಮುಟ್ಟಲಿಲ್ಲ. ಊರಿಗೆ ರಜೆಗೆ ಹೋದಾಗ ನಾನು ನೆರಳಿನಂತೆ ಹಿಂದೆಯೇ ಇರುತ್ತಿದ್ದೆ. ಇದೆಲ್ಲ ನನ್ನ ಜಪಸರದ ಫಲ ಎಂದು ಒಳಗೊಳಗೇ ಜಂಬ ಬೇರೆ.

ಕಳೆದ ವರ್ಷ ಮಾಮ ತೀರಿಕೊಂಡರು. ಪ್ಲಾಂಟಿನಲ್ಲಿ ಶಟ್‌ಡೌನ್ ಕೆಲಸ ನಡೆಯುತ್ತಿತ್ತು, ರಜೆ ಸಿಗಲಿಲ್ಲ. ಮಣ್ಣು ಮಾಡುವುದನ್ನು ಇವರು ಮೊಬೈಲಿನಲ್ಲಿ ನೋಡಿದರು. ಮುಗಿದ ಮೇಲೆ "ಖಲಾಸ್" ಎಂದು ಎದ್ದು, ಯೂನಿಫಾರಂ ತೊಟ್ಟು ಬಸ್ಸು ಹತ್ತಿದರು. ಒಂದು ಹನಿ ಕಣ್ಣೀರಿಲ್ಲ. ಇವರು ಕುಡಿಯುತ್ತಿದ್ದ ಕಾಲದಲ್ಲೂ ನಾನು ಅಷ್ಟು ಹೆದರಿರಲಿಲ್ಲ.

ಟೂರಿನ ಎರಡನೆಯ ದಿನ, ಆ ವೈನ್ ಸೀಮೆಯ ದಾರಿಯ ತಿರುವುಗಳಿಗೆ ನನ್ನ ತಲೆ ಸುತ್ತತೊಡಗಿ, ಇವರನ್ನು ಮುಂದೆ ಡ್ರೈವರ್ ಪಕ್ಕ ಕೂರಿಸಿ, ಮಾತ್ರೆ ನುಂಗಿ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟೆ. ಎದ್ದಾಗ ಕಾರು ಕೋಟೆ ಗೋಡೆಯ ಪಕ್ಕ ನಿಂತಿತ್ತು. ಕೆಂಪು ಹೆಂಚಿನ ಮನೆಗಳು, ಮರದ ಕೆತ್ತನೆಯ ಬಾಲ್ಕನಿಗಳು, ಕೆಳಗೆ ಕಣ್ಣು ಹಾಯುವಷ್ಟು ದ್ರಾಕ್ಷಿ ತೋಟ, ಆಚೆ ಉದ್ದಕ್ಕೆ ಹಿಮದ ಬೆಟ್ಟಸಾಲು. ಕುಂದಿಲ್ಲದ ಚಂದ. ಆದರೆ ರಸ್ತೆ ಬದಿಯ ಹೆಂಗಸರು ಹಳೆಯ ಕೋಲಾ ಬಾಟಲಿಗಳಲ್ಲಿ ಮನೆಯ ವೈನ್ ತುಂಬಿಸಿ, ನಮ್ಮಲ್ಲಿ ಮಲ್ಲಿಗೆ ಮಾರುವವರಂತೆ ಸಾಲಾಗಿ ಕೂತಿದ್ದರು. ನಾನು ಇವರ ಮೊಣಕೈ ಹಿಡಿದುಕೊಂಡೆ.

"ಕೈ ಬಿಡು ಮಾರಾಯ್ತಿ. ನಾನೆಂತ ಚಿಕ್ಕ ಮಗುವಾ?"

ಬಿಟ್ಟೆ.

ಮಧ್ಯಾಹ್ನದ ಊಟಕ್ಕೆ ಡ್ರೈವರ್ ನಮ್ಮನ್ನು ತನ್ನ ಪರಿಚಯದ ಒಬ್ಬ ಅಜ್ಜನ ಮನೆಗೆ ಕರೆದೊಯ್ದ. ಅಜ್ಜನಿಗೆ ಇಂಗ್ಲಿಷ್ ಬರುವುದಿಲ್ಲ, ಡ್ರೈವರ್‌ನದು ಹರುಕುಮುರುಕು. ಅಜ್ಜ ಮೊದಲು ತೋರಿಸಿದ್ದು ಅಡುಗೆ ಮನೆಯನ್ನಲ್ಲ, ನೆಲಮಾಳಿಗೆಯನ್ನು. ಅಲ್ಲಿ ದೊಡ್ಡ ದೊಡ್ಡ ಮಣ್ಣಿನ ಹಂಡೆಗಳನ್ನು ಕತ್ತಿನವರೆಗೆ ನೆಲದಲ್ಲಿ ಹೂತಿಟ್ಟಿದ್ದರು. ಮುಚ್ಚಳ ತೆಗೆದದ್ದೇ ತಡ, ವಾಸನೆ ಘಮ್ಮೆಂದು ಎದ್ದಿತು. ನಾನು ಇವರ ಮುಖ ನೋಡಿದೆ. ಇವರು ಹಂಡೆಯನ್ನು ನೋಡುತ್ತಿದ್ದರು.

ಅಜ್ಜ ಗ್ಲಾಸ್ ಚಾಚಿದಾಗ ಇವರು ಗಲ್ಫಿನ ಅಭ್ಯಾಸದಲ್ಲಿ "ಮಾಫಿ, ಮಾಫಿ" ಎಂದರು. ಇಲ್ಲ, ಬೇಡ ಎಂದು ಅರ್ಥ. ಅಜ್ಜ ಅದನ್ನು ಇವರ ಹೆಸರೆಂದುಕೊಂಡು, ಎದೆ ಮುಟ್ಟಿ ತನ್ನ ಹೆಸರನ್ನೂ ಹೇಳಿ, ಊಟ ಮುಗಿಯುವವರೆಗೂ ಇವರನ್ನು ಮಾಫಿ ಎಂದೇ ಕರೆದ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆ ನಗುವಿನಲ್ಲಿ ನನ್ನ ಕಾವಲು ಸಡಿಲವಾಯಿತು.

ಅಲ್ಲಿ ಸುಮ್ಮನೆ ಕುಡಿಯುವ ಕ್ರಮವಿಲ್ಲ. ಮನೆಯ ಹಿರಿಯ ಎದ್ದು ನಿಂತು ಯಾರ ಹೆಸರಲ್ಲಿ ಎಂದು ಹೇಳಬೇಕು, ಆಮೇಲೆ ಎಲ್ಲರೂ ಕುಡಿಯಬೇಕು. ಮೊದಲು ಅತಿಥಿಗಳ ಹೆಸರಲ್ಲಿ, ನಂತರ ಮಕ್ಕಳ ಹೆಸರಲ್ಲಿ. ಎರಡಕ್ಕೂ ನಾವು ದ್ರಾಕ್ಷಿ ಜ್ಯೂಸ್ ಎತ್ತಿದೆವು, ಯಾರೂ ಬೇಸರಿಸಲಿಲ್ಲ. ಮೂರನೆಯ ಸಲ ಅಜ್ಜ ಏಳುವಾಗ ಮುಖ ಬೇರೆಯಾಗಿತ್ತು. ಒಂದು ತುಂಡು ರೊಟ್ಟಿಯ ಮೇಲೆ ಸ್ವಲ್ಪ ವೈನ್ ಸುರಿದು, ಕಿಟಕಿಯಾಚೆಯ ಸಮಾಧಿಗಳತ್ತ ಕೈ ತೋರಿಸಿ, ತಗ್ಗಿದ ದನಿಯಲ್ಲಿ ಏನೋ ಹೇಳಿದ. ನಮಗೆ ಗುರುತಾದದ್ದು ಒಂದೇ ಶಬ್ದ. "ಮಾಮ."

ಇವರು ತಟ್ಟನೆ ಎದ್ದು ನಿಂತರು.

"ಕೇಳ್ತಾ? ಮಾಮನಿಗಂತೆ" ಎಂದರು ನನಗೆ. ಜ್ಯೂಸಿನ ಗ್ಲಾಸ್ ಕೆಳಗಿಟ್ಟು, ಇನ್ನೊಂದನ್ನು ತೆಗೆದುಕೊಂಡರು.

ಡ್ರೈವರ್ ನನ್ನ ಕಿವಿಯ ಹತ್ತಿರ ಬಗ್ಗಿದ. ಮಾಮ ಎಂದರೆ ನಮ್ಮ ಭಾಷೆಯಲ್ಲಿ ಅಪ್ಪ, ಇವನು ಸತ್ತುಹೋದ ತನ್ನ ಅಪ್ಪನ ಮಾತು ಹೇಳುತ್ತಿದ್ದಾನೆ ಎಂದ.

ನಾನು ಬಾಯಿ ತೆರೆದೆ. ಒಂದೇ ಒಂದು ಮಾತು, ಅದು ನಿಮ್ಮ ಮಾಮ ಅಲ್ಲ, ಅವನ ಅಪ್ಪ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಇವರ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಒಂದು ವರ್ಷ ಬಾರದ ಅಳು, ಯಾರದೋ ದೇಶದ ಊಟದ ಮೇಜಿನೆದುರು ಬಂದಿತ್ತು. ಅಜ್ಜ ಮೇಜು ಸುತ್ತಿ ಬಂದು ಇವರನ್ನು ತಬ್ಬಿಕೊಂಡ. ಆ ಅಳುವನ್ನು ನಾನು ಹೇಗೆ ನಿಲ್ಲಿಸಲಿ? ನಿಲ್ಲಿಸದಿದ್ದರೆ ಆ ಗ್ಲಾಸನ್ನು ಹೇಗೆ ನಿಲ್ಲಿಸಲಿ? ಯಾರೋ ಕೈಕಾಲು ಕಟ್ಟಿ ಕೂರಿಸಿದಂತೆ ಕೂತೆ. ಇವರು ಕುಡಿದರು. ಅಜ್ಜ ಮತ್ತೆ ತುಂಬಿಸಿದ, ಮತ್ತೆ ಕುಡಿದರು. ಆಮೇಲೆ ತುಂಬಿಸುವುದಕ್ಕೆ ಅಜ್ಜನೂ ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ "ಸತ್ತವರ ಹೆಸರಲ್ಲಿ ಅಲ್ವಾ, ಬೇಡ ಹೇಳ್ಲಿಕ್ಕೆ ಆಗ್ತದಾ?" ಎಂದು ನಾನು ಕೇಳದೆಯೇ ಹೇಳಿದರು. ಹಿಮ ನೋಡಿದೆವು, ಫೋಟೊ ತೆಗೆಸಿಕೊಂಡೆವು, ಕತಾರಿಗೆ ಮರಳಿದೆವು. ಇವರು ಶಿಫ್ಟಿಗೆ ಹೋದರು, ಬಂದರು, ಮಲಗಿದರು. ಮೂರು ವಾರ ಕಳೆಯಿತು. ಗಂಡಾಂತರ ಕಳೆಯಿತೆಂದು ನಾನು ದೇವರಿಗೆ ಮೇಣದಬತ್ತಿಯನ್ನೂ ಹಚ್ಚಿದೆ.

ನಾನಿರುವುದು ಇವರದೇ ಕಂಪನಿಯ ದೋಹಾ ಆಫೀಸಿನಲ್ಲಿ. ನೌಕರರಿಗೆ ಬೇಕಾದ ಪತ್ರಗಳನ್ನು ಟೈಪ್ ಮಾಡುವುದು ನನ್ನ ಕೆಲಸ. ಬ್ಯಾಂಕಿಗೆ, ಮನೆ ಬಾಡಿಗೆಗೆ, ಮಕ್ಕಳ ಶಾಲೆಗೆ. ಇಲ್ಲಿ ಮದ್ಯ ಕೊಳ್ಳಲು ಪರವಾನಗಿ ಬೇಕು, ಅದಕ್ಕೂ ಕಂಪನಿಯ ಪತ್ರ ಬೇಕು. ಅಂಥದ್ದೊಂದು ಅರ್ಜಿ ಒಂದು ಸೋಮವಾರ ನನ್ನ ಟ್ರೇಗೆ ಬಂತು. ಅರ್ಜಿದಾರ ನನ್ನ ಗಂಡ.

ಸಂಜೆ ಊಟಕ್ಕೆ ಬಡಿಸುತ್ತಾ, ಕೊನೆಯ ಅಸ್ತ್ರವೆಂಬಂತೆ ಹೇಳಿದೆ. "ಆ ಅಜ್ಜ ಮಾಮ ಹೇಳಿದ್ದು ಅವನ ಅಪ್ಪನಿಗೆ ಮಾರಾಯ್ರೆ. ಅವರ ಭಾಷೆಯಲ್ಲಿ ಮಾಮ ಅಂದ್ರೆ ಅಪ್ಪ."

ಇವರು ಅನ್ನ ಕಲಸುತ್ತಲೇ ಇದ್ದರು.

"ಗೊತ್ತುಂಟು" ಎಂದರು. "ಡ್ರೈವರ್ ದಾರಿಯಲ್ಲೇ ಹೇಳಿದ್ದ. ಕಾರಲ್ಲಿದ್ದ ತನ್ನ ಅಪ್ಪನ ಫೋಟೊ ತೋರಿಸಿ, ಮಾಮ ಅಂತ. ನೀನು ನಿದ್ದೆ ಮಾಡಿದ್ದಿ."

"ಹಾಗಾದ್ರೆ ಆ ಅಳು ಸುಳ್ಳಾ?"

"ಅಳು ಸುಳ್ಳಲ್ಲ" ಎಂದರು.

ಮರುದಿನ ಆಫೀಸಿಗೆ ಹೋಗಿ ಕಂಪ್ಯೂಟರಿನಲ್ಲಿ ಆ ಪತ್ರದ ನಮೂನೆ ತೆರೆದೆ. ಹೆಸರು, ನೌಕರಿ ನಂಬರು, ಹುದ್ದೆ, ಸಂಬಳ. ಕೊನೆಯಲ್ಲಿ, ಇವರು ಪರವಾನಗಿ ಪಡೆಯಲು ನಮ್ಮ ಕಡೆಯಿಂದ ಯಾವುದೇ ಆಕ್ಷೇಪಣೆ ಇಲ್ಲ ಎಂಬ ಸಾಲು. ಆ ಸಾಲಿಲ್ಲದಿದ್ದರೆ ಪತ್ರ ನಡೆಯುವುದಿಲ್ಲ. ಟೈಪ್ ಮಾಡಿ ಸಹಿಗೆ ಕಳಿಸಿದೆ.