ನನ್ನ ಪ್ರಾರ್ಥನೆಗೆ ಅವರ ಆಮೆನ್

ನಮ್ಮ ಮನೆಯ ಸಂಜೆ ಪ್ರಾರ್ಥನೆಗೆ ಒಂದು ಕ್ರಮವಿತ್ತು. ಧಾರವಾಡದ ಅತ್ತೆಯ ಮನೆಯಿಂದ ಬಂದದ್ದು. ಮೊದಲು ಮಗಳು, ಆಮೇಲೆ ನಾನು, ಕೊನೆಗೆ ನಮ್ಮ ಯಜಮಾನರು. ಒಬ್ಬರ ಪ್ರಾರ್ಥನೆ ಮುಗಿದಾಗ ಉಳಿದಿಬ್ಬರು ಗಟ್ಟಿಯಾಗಿ ಆಮೆನ್ ಅನ್ನಬೇಕು. ನೀನು ಕೇಳಿದ್ದಕ್ಕೆ ನನ್ನದೂ ಒಪ್ಪಿಗೆ ಎಂದು ಅದರ ಅರ್ಥ. ಬ್ಯಾಂಕಿನ ವರ್ಗಾವಣೆ ನನ್ನನ್ನು ವಿಶಾಖಪಟ್ಟಣಕ್ಕೆ ಎಳೆದು ತಂದಾಗ ಎಂವಿಪಿ ಕಾಲೋನಿಯ ಬಾಡಿಗೆ ಮನೆಗೂ ಆ ಕ್ರಮ ಬಂತು. ಮಗಳು ಬರಬರುತ್ತ ತೆಲುಗಿನಲ್ಲೇ ಪ್ರಾರ್ಥಿಸತೊಡಗಿದಳು. ಅದಕ್ಕೂ ಆಮೆನ್ ಅಂದೆವು. ದೇವರಿಗೇನು, ಎಲ್ಲ ಭಾಷೆಯೂ ಬರುತ್ತದೆ.

ಯಜಮಾನರಿಗೆ ಅಲ್ಲೇ ಹತ್ತಿರದ ಪರವಾಡದ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಊರಿಗೆಲ್ಲ ಮಾತ್ರೆ ಮಾಡುವ ಮನುಷ್ಯನ ಹೊಟ್ಟೆಯಲ್ಲೇ ಗಡ್ಡೆ ಬೆಳೆಯಿತು. ವೈದ್ಯರು ಕಂಡುಹಿಡಿಯುವಷ್ಟರಲ್ಲಿ ಅದು ಎಲ್ಲ ಕಡೆ ಹಬ್ಬಿತ್ತು. ನೋವು ಕಡಿಮೆ ಮಾಡಬಹುದು, ಅದಕ್ಕಿಂತ ಹೆಚ್ಚೇನೂ ಆಗದು ಎಂದರು.

ಅಂದು ಸಂಜೆ, "ಕರ್ತನೇ, ಇವರನ್ನ ಪೂರಾ ಗುಣಾ ಮಾಡು, ಇನ್ನೂ ಭಾಳ ವರ್ಷ ಕೊಡು" ಎಂದು ಪ್ರಾರ್ಥಿಸಿದೆ. ಮಗಳು ಆಮೆನ್ ಅಂದಳು. ಅವರು ಸುಮ್ಮನಿದ್ದರು. ದಣಿದಿರಬೇಕು ಎಂದುಕೊಂಡೆ. ಮರುದಿನವೂ ಹಾಗೇ ಆದಾಗ ಕಣ್ಣು ಬಿಟ್ಟು ಕೇಳಿಯೇಬಿಟ್ಟೆ.

"ಯಾಕ, ಬಾಯಿಗೆ ಬೀಗ ಬಿದ್ದೈತೇನು?"

"ನನಗ ಒಪ್ಪಿಗಿ ಇಲ್ಲದ್ದಕ್ಕ ಆಮೆನ್ ಅನ್ನಾಕ ಬರೂದಿಲ್ಲ," ಎಂದರು. "ಹೆಚ್ಚಿನ ದಿನ ಕೇಳಬ್ಯಾಡ. ಇರೂ ದಿನಾ ಚೊಲೋತ್ನಂಗ ಬಾಳೂ ಬುದ್ಧಿ ಕೇಳು."

ಮೈಯೆಲ್ಲ ಉರಿದುಹೋಯಿತು. ಗಂಡ ಬದುಕಲಿ ಎಂದು ಹೆಂಡತಿ ಬೇಡಿದರೆ ಗಂಡನಿಗೇ ಒಪ್ಪಿಗೆ ಇಲ್ಲವಂತೆ! ನಾನೂ ಹಠ ಬಿಡಲಿಲ್ಲ. ದಿನವೂ ಅದೇ ಪ್ರಾರ್ಥನೆ, ದಿನವೂ ಅದೇ ಮೌನ. ಚರ್ಚಿನ ಸಭೆಯ ತೆಲುಗು ಹೆಂಗಸರನ್ನು ಮನೆಗೆ ಕರೆಸಿದೆ. ಅವರು ಯಜಮಾನರ ತಲೆಯ ಮೇಲೆ ಕೈಯಿಟ್ಟು, "ಸ್ವಸ್ಥತ ಇವ್ವು ಪ್ರಭುವಾ" ಎಂದು ಅತ್ತು ಕರೆದು ಆರೋಗ್ಯ ಬೇಡಿದರು. ಈ ಪುಣ್ಯಾತ್ಮ ಎಲ್ಲರಿಗೂ ಕೈಮುಗಿದು, ಕಾಫಿ ಕುಡಿಸಿ, ಲಿಫ್ಟಿನವರೆಗೆ ಹೋಗಿ ಕಳಿಸಿಬಂದರು. ಆಮೆನ್ ಮಾತ್ರ ಅನ್ನಲಿಲ್ಲ.

ಅವರು ಬಾಳುತ್ತಿದ್ದ ರೀತಿ ನೋಡಿದರೆ ಸಿಟ್ಟು ಇನ್ನೂ ಏರುತ್ತಿತ್ತು. ಮನೆಯ ಪಾಲಿನ ಜಗಳದಲ್ಲಿ ಮಾತು ಬಿಟ್ಟಿದ್ದ ತಮ್ಮನಿಗೆ ತಾವೇ ಫೋನ್ ಮಾಡಿ, ಚಿಕ್ಕಂದಿನಲ್ಲಿ ಪೇರಲ ಕದ್ದದ್ದನ್ನು ನೆನೆದು ನಕ್ಕರು. ಕೋಚಿಂಗ್ ಮುಗಿಸಿ ಬಂದ ಮಗಳಿಗೆ ಸ್ಕೂಟರ್ ಕಲಿಸಿದರು. ಹಿಂದೆ ಓಡಲು ಶಕ್ತಿಯಿಲ್ಲ, ಕಾಂಪೌಂಡಿನ ಗೋಡೆಯ ಮೇಲೆ ಕೂತು, "ಬ್ರೇಕ್ ಹಿಡೀ, ಬ್ರೇಕ್!" ಎಂದು ಕೂಗುತ್ತಿದ್ದರು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಋಷಿಕೊಂಡದ ಕಡಲಿಗೆ ಹೋಗೋಣ ಅಂದರು. ನೀರಿನಲ್ಲಿ ನನ್ನ ಭುಜ ಹಿಡಿದು ನಿಂತು, "ಇಲ್ಲಿಗೆ ಬರೂಣು ಅಂದಾಗೆಲ್ಲಾ ಬ್ಯಾಂಕಿನ ಮಾರ್ಚ್ ಲೆಕ್ಕ ಮುಗೀಲಿ ಅಂತಿದ್ದಿ ನೋಡು" ಎಂದು ಛೇಡಿಸಿದರು. ಅವರು ಸುಖವಾಗಿದ್ದರು. ಅವರು ತೆರೆಗಳನ್ನು ನೋಡುತ್ತಿದ್ದರೆ, ನಾನು ಅವರ ಒಣಗಿದ ಕಾಲುಗಳನ್ನು ನೋಡುತ್ತಿದ್ದೆ.

ಆಮೇಲೆ ಅವರು ಮಂಚ ಹಿಡಿದರು. ಮಗ್ಗುಲು ಬದಲಿಸಬೇಕಾದರೂ ಹಲ್ಲು ಕಚ್ಚುತ್ತಿದ್ದರು. ಒಂದು ಸಂಜೆ ಮಗಳು ಅಡುಗೆಮನೆಗೆ ಬಂದಳು. ಅಪ್ಪನನ್ನು ಅವಳು ತೆಲುಗಿನವರಂತೆ ನಾನ್ನ ಎಂದೇ ಕರೆಯುವುದು, ಅಲ್ಲವೇ ಎನ್ನಲು ಕದಾ ಎನ್ನುವುದು.

"ಅಮ್ಮಾ, ನಾನ್ನಗ ಸಾಕಾಗೈತಿ ಕದಾ. ನೀ ಹಿಂಗ ಜಗ್ಗಬ್ಯಾಡ."

ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ತಬ್ಬಿಕೊಂಡು ಅತ್ತುಬಿಟ್ಟೆ.

ಅಂದಿನ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದಾಗ ಅವರ ಕೈ ಹಿಡಿದುಕೊಂಡೆ. ಕೊನೆಗೆ ಹೇಗೋ ಹೇಳಿದೆ: "ತಂದೀ, ಇವರು ನಿನ್ನವರು. ಕರಕೋ. ನಮಗ ಬಾಳೂ ಬುದ್ಧಿ ಕೊಡು."

ಹೇಳಿದೆ, ನಿಜ. ಆದರೆ ಕಣ್ಣು ಮುಚ್ಚಿಕೊಂಡೇ, ಇದಕ್ಕೂ ಸುಮ್ಮನಿರಿ, ಇದಕ್ಕೂ ಒಪ್ಪಬೇಡಿ ಎಂದು ಒಳಗೊಳಗೇ ಅಂಗಲಾಚುತ್ತಿದ್ದೆ. ನನ್ನ ಮಾತು ಮುಗಿಯುವುದೇ ತಡ, ನೀರು ನುಂಗಲೂ ಕಷ್ಟಪಡುತ್ತಿದ್ದ ಆ ಬಾಯಿಂದ ಮೊದಲಿನಷ್ಟೇ ಗಟ್ಟಿಯಾಗಿ ಆಮೆನ್ ಬಂತು. ನನ್ನ ಕೈಯನ್ನೂ ಒತ್ತಿದರು.

ಅದೇ ವಾರ ಹೋದರು. ಅಷ್ಟು ದಿನ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದ ದೇವರು ಇದೊಂದನ್ನು ಎಷ್ಟು ಬೇಗ ಕೇಳಿಸಿಕೊಂಡ!

ಅವರನ್ನು ಅಲ್ಲಿನ ಮಣ್ಣಿನಲ್ಲೇ ಬಿಟ್ಟು, ಮತ್ತೊಂದು ವರ್ಗಾವಣೆಯ ಮೇಲೆ ಮಗಳೊಂದಿಗೆ ವಿಜಯವಾಡಕ್ಕೆ ಬಂದಿದ್ದೇನೆ. ಇಲ್ಲಿಯ ಸಭೆಯವರು, ನಿಮ್ಮವರು ಒಳ್ಳೆಯ ಸಾವು ಪಡೆದರು ಎನ್ನುತ್ತಾರೆ. ಹೌದು. ಒಳ್ಳೆಯ ಸಾವಾದರೂ ಸಾವೇ. ಕೆಲಸದಿಂದ ಬಂದು ಬೀಗ ತೆಗೆದಾಗ ಅದು ಗೊತ್ತಾಗುತ್ತದೆ. ಬಾಳುವ ಬುದ್ಧಿಯನ್ನು ದಿನವೂ ಕೇಳುತ್ತೇನೆ. ಒಂದೊಂದು ದಿನ ಸಿಗುತ್ತದೆ, ಒಂದೊಂದು ದಿನ ಇಲ್ಲ.

ಸತ್ತವರು ಏಳುವ ದಿನವನ್ನು ನಾನು ನಂಬುತ್ತೇನೆ. ಅಂದು ಅವರು ಎದುರಾದರೆ ಮೊದಲು ಜಗಳವನ್ನೇ ತೆಗೆಯುವವಳು ನಾನು. ಅಲ್ಲರೀ, ಆ ಸಂಜೆ ಆಮೆನ್ ಅನ್ನುವುದಕ್ಕೆ ಮುಂಚೆ ಒಂದೇ ಒಂದು ಗಳಿಗೆಯಾದರೂ ತಡೆಯಬಾರದಿತ್ತೇ?