ಆಗಂಗಿಲ್ಲ ಅಂದವರ ಹೆಸರು

ಆ ಸೋಮವಾರವೂ ಅವರು ಮೂರು ಗಾಲಿಯ ಸೈಕಲ್ಲನ್ನು ಕೈಯಿಂದ ತಿರುಗಿಸುತ್ತಾ ನಮ್ಮ ಜೀನ್ಸ್ ಯೂನಿಟ್ಟಿನ ಬಾಗಿಲಿಗೆ ಬಂದಿದ್ದರು. ರಾಯದುರ್ಗದ ಅಂಗವಿಕಲರಿಗೆಲ್ಲ ಅವರೇ ಲೀಡರ್. ಬೊಮ್ಮನಹಾಳಿನ ಹುಡುಗಿಯೊಬ್ಬಳ ಅರ್ಜಿಯನ್ನು ಅಂಗವಿಕಲರ ಸರ್ಟಿಫಿಕೇಟ್ ಕ್ಯಾಂಪಿನವರು ತೆಗೆದುಕೊಳ್ಳದೆ ವಾಪಸ್ ಕಳಿಸಿದ್ದರು. ಅದನ್ನು ಲೀಡರಿಗೆ ಹೇಳಿದೆ.

“ಆಗಂಗಿಲ್ಲ ಅಂದೋರು ಯಾರು? ಹೆಸರು ಬರ್ಕೊಂಡು ಬಾ ತಂಗಿ.”

ಇದು ಅವರ ಮಾಮೂಲಿ ಮಾತು. ಹೆಸರು ಸಿಕ್ಕರೆ ಜಗಳಕ್ಕೆ ಹೋಗುತ್ತಿರಲಿಲ್ಲ, ಚಹಾ ಕುಡಿಯಲು ಹೋಗುತ್ತಿದ್ದರು.

ಹಿಂದೊಮ್ಮೆ, ನನಗೇ ಕೆಲಸ ಆಗಂಗಿಲ್ಲ ಅಂದಾಗ, ನಾನು ಬರೆದುಕೊಟ್ಟದ್ದು ಈ ಯೂನಿಟ್ಟಿನ ಮಾಲೀಕರ ಹೆಸರನ್ನೇ.

“ಆಕಿ ಕಾಲಾಗ ಬಲ ಇಲ್ಲ. ಪೆಡಲ್ ಹೆಂಗ ಒತ್ತತಾಳ್ರಿ?” ಎಂದಿದ್ದರು ಮಾಲೀಕರು.

ಲೀಡರ್ ಇನ್ನೊಂದು ಚಹಾ ಹೇಳಿದರು. ಅದು ಬರುವಷ್ಟರಲ್ಲಿ ಹೊಲಿಗೆ ಮೆಷಿನ್ನಿನ ಮೋಟಾರಿನ ಪೆಡಲನ್ನು ನೆಲದಿಂದ ಎತ್ತಿ, ಮೇಜಿನ ಅಂಚಿಗೆ ಲಾಡಿಯಿಂದ ಕಟ್ಟಿ, ಮೊಣಕೈಯಿಂದ ಒತ್ತಿದರು. ಹೊಲಿಗೆ ಬಾರದ ಮನುಷ್ಯ. ಪ್ಯಾಂಟಿನ ಜೇಬಿನ ಜೊತೆ ಮಾಲೀಕರ ಅಳತೆ ಟೇಪನ್ನೂ ಸೇರಿಸಿ ಹೊಲಿದುಬಿಟ್ಟರು.

“ಸಾಕ್ ಬಿಡ್ರಿ ಲೀಡರ್! ಆಕೀನ ನಾಳೆಯಿಂದ ಕಳಸ್ರಿ. ನೀವು ಮಾತ್ರ ನನ್ನ ಮೆಷಿನ್ ಮುಟ್ಟಬ್ಯಾಡ್ರಿ,” ಎಂದು ಮಾಲೀಕರು ನಕ್ಕರು. ಅಂದಿನಿಂದ ನಾನು ಮೊಣಕೈ ಒತ್ತಿಯೇ ಜೇಬು ಹೊಲಿಯುತ್ತಿದ್ದೇನೆ.

ಆ ಸೋಮವಾರದ ಮರುದಿನ ಬೆಳಿಗ್ಗೆ ಎದೆನೋವು ಬಂದು ಅವರು ತೀರಿಕೊಂಡರು. ಕ್ಯಾಂಪಿನ ಗುಮಾಸ್ತರ ಹೆಸರು ಬರೆದ ಚೀಟಿ ನನ್ನ ಬುತ್ತಿ ಚೀಲದಲ್ಲೇ ಉಳಿಯಿತು. ಮುಂದಿನ ಕ್ಯಾಂಪಿಗೆ ಹುಡುಗಿಯನ್ನು ಕರೆದುಕೊಂಡು ನಾನೇ ಹೋದೆ, ಗುಮಾಸ್ತರಿಗೆ ಚಹಾ ತರಿಸಿದೆ. ಎರಡನೇ ಚಹಾದ ಹೊತ್ತಿಗೆ ಅವರು ಅರ್ಜಿ ತೆಗೆದುಕೊಂಡರು.

ಆ ಸುದ್ದಿ ಹೇಳೋಣವೆಂದರೆ ಲೀಡರ್ ಇಲ್ಲ.