ಮುಯ್ಯಿ ಕೇಳದ ದೇವೇಂದ್ರಪ್ಪ

ಕೊಪ್ಪಳ ಜಿಲ್ಲೆಯಾದ ವರ್ಷವೇ, ಅಂದರೆ ೧೯೯೭ರಲ್ಲಿ, ದೇವೇಂದ್ರಪ್ಪನವರು ನಮ್ಮ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಬಂದರು. ಹೊಸ ಜಿಲ್ಲೆಗೆ ಕಚೇರಿಗಳಿದ್ದವು, ಕುರ್ಚಿಗಳಿರಲಿಲ್ಲ. ನಮ್ಮ ಪ್ರಯೋಗಾಲಯದಲ್ಲಿಯೂ ಆಲಯವಿತ್ತು, ಪ್ರಯೋಗವಿರಲಿಲ್ಲ. ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ಕಲಿಸುವ ಮೇಡಂ ನಾನು. ಗೋಡೆ ತೆಳ್ಳಗಿದ್ದುದರಿಂದ ನನ್ನ ವಿದ್ಯಾರ್ಥಿಗಳಿಗೆ ವ್ಯಾಕರಣಕ್ಕಿಂತ ಆಮ್ಲ–ಕ್ಷಾರವೇ ಚೆನ್ನಾಗಿ ಬರುತ್ತಿತ್ತು.

ಅವರು ಕುಕನೂರಿನ ಹತ್ತಿರದ ತಮ್ಮ ಹಳ್ಳಿಯಿಂದ ದಿನಾಲೂ ಬಸ್ಸಿನಲ್ಲಿ ಬರುತ್ತಿದ್ದರು. ಬಿಳಿ ಅಂಗಿ, ಅದರ ತೋಳಿನ ತುಂಬ ಆಸಿಡ್ ಬಿದ್ದು ಸುಟ್ಟ ತೂತು. ಕೈಯಲ್ಲಿ ಚೀಲ, ಚೀಲದಲ್ಲಿ ಯಾವುದಾದರೂ ಊರಿನ ಬಾವಿಯ ನೀರು ತುಂಬಿದ ಬಾಟಲಿ. ಅವರ ಹಳ್ಳಿಯಲ್ಲಿ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದವು. ನಲವತ್ತು ದಾಟಿದವರು ಬೆನ್ನು ಬಗ್ಗಿಸಿ ನಡೆಯುತ್ತಿದ್ದರು. ಅದು ನೀರಿನೊಳಗಿನ ಫ್ಲೋರೈಡಿನ ಕೆಲಸ ಎಂದು ಅವರಿಗೆ ಗೊತ್ತಿತ್ತು. ಆದರೆ ಯಾವ ಬಾವಿಯಲ್ಲಿ ಎಷ್ಟಿದೆ ಎಂದು ನಿಖರವಾಗಿ ಹೇಳುವ ಯಂತ್ರ ನಮ್ಮಲ್ಲಿರಲಿಲ್ಲ. ಹತ್ತು ವರ್ಷ ಅವರು ಅಂದಾಜಿನ ಮೇಲೆಯೇ ಬಾವಿಗಳನ್ನು ಬೈಯುತ್ತ ಬಂದರು.

೨೦೦೮ರಲ್ಲಿ ನಮ್ಮ ಕಾಲೇಜು ಸೇರಿದ್ದ ವಿಶ್ವವಿದ್ಯಾಲಯವೂ ಆಚೆ ರಾಜ್ಯದ ಒಂದು ದೊಡ್ಡ ವಿಶ್ವವಿದ್ಯಾಲಯವೂ ಕೂಡಿ ಒಣಭೂಮಿಯ ನೀರಿನ ಬಗ್ಗೆ ಅಧ್ಯಯನ ಮಾಡುವುದೆಂದು ಒಪ್ಪಂದವಾಯಿತು. ಯಲಬುರ್ಗಾ ಸೀಮೆಯ ಬಾವಿಗಳ ಕೆಲಸ ನಮ್ಮ ಕಾಲೇಜಿನ ಪಾಲಿಗೆ ಬಂತು. ಸಹಿ ಆಯಿತು, ಸಿಹಿ ಹಂಚಿದರು. ಅವರ ವಿದ್ಯಾರ್ಥಿಗಳು ಇಲ್ಲಿಗೆ ಬಂದು ಹಳ್ಳಿ ತಿರುಗಬೇಕು. ನಮ್ಮ ಕಡೆಯಿಂದ ವರ್ಷಕ್ಕೊಬ್ಬ ವಿದ್ಯಾರ್ಥಿ ಅಲ್ಲಿಗೆ ಹೋಗಿ ಆರು ತಿಂಗಳು ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಬೇಕು. ಹಾಗೆ ಹೋಗಿ ಬಂದವರಿಗೆ ಅಲ್ಲಿಯೇ ಎಂ.ಎಸ್ಸಿ. ಸೀಟು ಖಾತ್ರಿ.

ದೇವೇಂದ್ರಪ್ಪನವರು ಇದನ್ನು ಮನೆಯಲ್ಲಿ ತಾಯಿ ವಿರೂಪಾಕ್ಷಮ್ಮನಿಗೆ ಬಿಡಿಸಿ ಹೇಳಿದರು. ಆಕೆ ಶೇಂಗಾ ಸುಲಿಯುತ್ತಲೇ ಕೇಳಿ, "ಅಂದ್ರ ಮುಯ್ಯಾಳು ಅನ್ನು. ಅದಕ್ಕ ಅಷ್ಟು ದೊಡ್ಡ ಸಭಾ ಯಾಕ ಮಾಡಿದ್ರಿ?" ಎಂದಳಂತೆ.

ಆಕೆಯ ಮಾತು ಮಗನಿಗೆ ಬಹಳ ಹಿಡಿಸಿತು. ನಮ್ಮ ಕರಿ ಮಣ್ಣಿನ ಎರಿ ಹೊಲಗಳ ಕಡೆ ಕಳೆ ತೆಗೆಯುವಾಗ, ರಾಶಿ ಮಾಡುವಾಗ ಒಬ್ಬರ ಹೊಲಕ್ಕೆ ಇನ್ನೊಬ್ಬರ ಮನೆಯಿಂದ ಆಳು ಹೋಗುವುದುಂಟು. ಇವತ್ತು ನಮ್ಮ ಮನೆಯಿಂದ ಒಬ್ಬರು ಹೋದರೆ, ನಮ್ಮ ಹೊಲದ ಸರದಿ ಬಂದಾಗ ಆ ಮನೆಯಿಂದ ಒಬ್ಬರು ಬರಲೇಬೇಕು. ಯಾರೂ ಕರೆಯಲು ಹೋಗುವುದಿಲ್ಲ. ಕರೆಯಲು ಹೋದರೆ, ನಿನಗೆ ನೆನಪಿಲ್ಲ ಎಂದು ಮುಖಕ್ಕೆ ಹೇಳಿದಂತೆ. "ಮುಯ್ಯಿ ಕೇಳಬಾರದು. ಕೇಳಿದ್ರ ಅದು ಕೂಲಿ ಆಕ್ಕತಿ," ಎನ್ನುತ್ತಿದ್ದಳು ವಿರೂಪಾಕ್ಷಮ್ಮ.

ಮರುವರ್ಷ ಆಚೆಯವರ ನಾಲ್ವರು ವಿದ್ಯಾರ್ಥಿಗಳು ಬಂದರು. ಲಾಡ್ಜಿಗೆ ಕಳಿಸುವುದು ಮರ್ಯಾದೆಯಲ್ಲವೆಂದು ದೇವೇಂದ್ರಪ್ಪನವರು ಅವರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಕಾಗದದಲ್ಲಿ ಅದು ವಿನಿಮಯ ಕಾರ್ಯಕ್ರಮ. ನಮ್ಮ ಕಡೆಯಿಂದ ವಿನಯಮಯ ಕಾರ್ಯಕ್ರಮ. ಅನ್ನ ಅನ್ನ ಎನ್ನುತ್ತ ಬಂದ ಹುಡುಗರು ಹದಿನೈದು ದಿನದಲ್ಲಿ ಜೋಳದ ರೊಟ್ಟಿ ಮುರಿಯಲು ಕಲಿತರು. ಹೊರಡುವ ದಿನ ವಿರೂಪಾಕ್ಷಮ್ಮ ಒಬ್ಬೊಬ್ಬರಿಗೂ ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟಳು. ಅವರ ಜೊತೆಗಿದ್ದ ಪ್ರೊಫೆಸರಮ್ಮ ಆಕೆಯ ಕಾಲಿಗೆ ಬಿದ್ದು ಹೋದರು.

ಈಗ ನಮ್ಮ ಸರದಿ. ಕಾಲೇಜಿನಲ್ಲಿ ಎಲ್ಲರೂ ಒಪ್ಪಿದ ಹೆಸರು ಕವಿತಾಳದು. ಗಿಣಿಗೇರಾದ ಹುಡುಗಿ. ಅಪ್ಪ ಯಂಕೋಬ ಅಲ್ಲಿಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ಅವಳಿಗೆ ಎಂ.ಎಸ್ಸಿ. ಓದುವ ಆಸೆ. ಮನೆಯಿಂದ ಕಳಿಸಿ ಓದಿಸುವ ಶಕ್ತಿ ಯಂಕೋಬನಿಗಿರಲಿಲ್ಲ. ಇದೊಂದೇ ದಾರಿ.

ಅದೇ ಹೊತ್ತಿಗೆ ಕಾರ್ಖಾನೆಯ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುವ ಒಂದು ಕೆಲಸ ಖಾಲಿಯಾಯಿತು. ಯಂಕೋಬ ಮಗಳಿಗಾಗಿ ಮಾತಾಡಿ ಇಟ್ಟು, ಒಂದು ದಿನ ಕಾಲೇಜಿಗೆ ಬಂದ.

"ಸರ, ಕಾರ್ಖಾನ್ಯಾಗ ನಾಳಿ ಹ್ಞೂಂ ಅಥವಾ ಊಹ್ಞೂಂ ಹೇಳಬೇಕ್ರಿ. ಈಕಿನ್ನ ಅಲ್ಲಿಗೆ ಕಳಸೂದು ಖರೇನ್ರಿ?"

"ನಾವು ಕಳಸೂದಲ್ಲೋ ಯಂಕೋಬ. ಅವರ ಕರೀತಾರ."

"ಕರೀದಿದ್ರ?"

"ಅವರ ಮಕ್ಕಳು ನಮ್ಮವ್ವನ ಕೈಯಾಗ ಉಂಡು ಹೋಗ್ಯಾರ. ಕರೀದ ಎಲ್ಲಿ ಹೋಗ್ತಾರ?"

ಯಂಕೋಬ ಮಗಳ ಮುಖ ನೋಡಿದ. ಮಗಳು ಮೇಷ್ಟ್ರ ಮುಖ ನೋಡಿದಳು. ಕಾರ್ಖಾನೆಯ ಕೆಲಸ ಬೇರೆಯವರಿಗೆ ಹೋಯಿತು.

ಪರೀಕ್ಷೆಗಳು ಮುಗಿಯುವ ಹೊತ್ತಿಗೂ ಅಲ್ಲಿಂದ ಏನೂ ಬರಲಿಲ್ಲ. ಕವಿತಾ ಸ್ಟಾಫ್ ರೂಮಿಗೆ ಬಂದು, "ಸರ್, ನಾನ ಒಂದ್ ಸಲ ಆ ಮೇಡಂಗ ಫೋನ್ ಮಾಡ್ಲೇನ್ರಿ?" ಎಂದಳು.

"ಬ್ಯಾಡವ್ವ. ಹಂಗ ಕೇಳಬಾರದು. ನಮ್ಮ ಕಾಲೇಜಿನ ಮರ್ಯಾದಿ ಪ್ರಶ್ನೆ ಐತಿ."

ಅವಳು ಹೋದ ಮೇಲೆ ನಾನು ಸುಮ್ಮನಿರಲಾರದೆ, "ದೇವೇಂದ್ರಪ್ಪನವ್ರ, ಮರ್ಯಾದಿ ಪ್ರಶ್ನೆ ಆದ್ರ ಅದಕ್ಕೊಂದು ಉತ್ತರಾನೂ ಬೇಕಲ್ರಿ. ಒಂದು ಫೋನ್ ಹಚ್ರಿ," ಎಂದೆ.

"ಮೇಡಂ, ನೀವು ಕಾನ್ವೆಂಟಿನ ಸಿಸ್ಟರ್‌ಗಳ ಸಾಲ್ಯಾಗ ಕಲಿತವ್ರು. ಎಲ್ಲಾದಕ್ಕೂ ಪ್ಲೀಸ್ ಅಂತ ಕೇಳಿ ರೂಢಿ ಆಗೇತಿ ನಿಮಗ. ನಮ್ಮ ಕಡೆ ಹಂಗಲ್ಲ."

ನಾನು ನಕ್ಕು ಬಿಟ್ಟುಕೊಟ್ಟೆ. ಫಲಿತಾಂಶ ಬಂತು, ಕವಿತಾ ಕಾಲೇಜಿಗೇ ಮೊದಲು ಬಂದಳು. ಮಳೆ ಹಿಡಿಯಿತು. ಕೊನೆಗೆ ಪ್ರಿನ್ಸಿಪಾಲರ ಒತ್ತಾಯಕ್ಕೆ ದೇವೇಂದ್ರಪ್ಪನವರು ಆ ಪ್ರೊಫೆಸರಮ್ಮನಿಗೆ ಫೋನು ಮಾಡಿದರು. ಕುಶಲ ಕೇಳಿದರು, ಮಳೆ ಬೆಳೆ ಹೇಳಿದರು, ತಾಯಿ ನೆನೆಸುತ್ತಾಳೆ ಎಂದರು. ವಿಷಯಕ್ಕೆ ಬರುವಷ್ಟರಲ್ಲಿ ಆ ಕಡೆಯವರೇ ಹೇಳಿದರು. ಜಾಗವನ್ನು ಬೇರೊಂದು ಕಾಲೇಜಿಗೆ ಕೊಟ್ಟಾಗಿತ್ತು. ಪರೀಕ್ಷೆಗೆ ಮೊದಲೇ ಎಲ್ಲ ಕಾಲೇಜುಗಳೂ ತಮ್ಮ ವಿದ್ಯಾರ್ಥಿಯ ಹೆಸರು ಕಳಿಸಿ ಕೇಳಿಕೊಳ್ಳುವುದು ಅಲ್ಲಿಯ ಪದ್ಧತಿ. ಕೊಪ್ಪಳದಿಂದ ಮಾತ್ರ ಯಾರೂ ಕೇಳಲಿಲ್ಲ. ಇವರಿಗೆ ಮಕ್ಕಳನ್ನು ಅಷ್ಟು ದೂರ ಕಳಿಸಲು ಮನಸ್ಸಿಲ್ಲವೇನೋ, ಒತ್ತಾಯಿಸಿದರೆ ನೊಂದುಕೊಂಡಾರು ಎಂದು ಪ್ರೊಫೆಸರಮ್ಮ ಸುಮ್ಮನಿದ್ದರಂತೆ. ಆಕೆಯ ದನಿಯಲ್ಲಿ ಕಪಟವಿರಲಿಲ್ಲ. ಎರಡು ವಿಶ್ವವಿದ್ಯಾಲಯಗಳ ನಡುವೆ ಅಷ್ಟು ಮರ್ಯಾದೆ ತುಂಬಿಕೊಂಡಿದ್ದರಿಂದ ಒಬ್ಬ ಹುಡುಗಿಗೆ ದಾಟಲು ಸಂದು ಸಿಗಲಿಲ್ಲ.

ಮುಂದಿನ ವರ್ಷ ಕಳಿಸೋಣವೆಂದರೆ ಆಗುವಂತಿರಲಿಲ್ಲ. ಆಯಾ ವರ್ಷ ಓದು ಮುಗಿಸಿದವರಿಗಷ್ಟೇ ಒಪ್ಪಂದದಲ್ಲಿ ಜಾಗವಿತ್ತು.

ದೇವೇಂದ್ರಪ್ಪನವರು ಗಿಣಿಗೇರಾಕ್ಕೆ ತಾವೇ ಹೋದರು. ಒಬ್ಬರೇ ಹೋಗುವ ಧೈರ್ಯವಾಗದೆ ನನ್ನನ್ನೂ ಕರೆದರು. ಕಾರ್ಖಾನೆಯ ಕರಿ ಧೂಳು ಕಟ್ಟೆಯ ಮೇಲೆ ಕೂತಿತ್ತು. ಕವಿತಾಳ ಅಜ್ಜಿ ಮುದುಕವ್ವ ಅದನ್ನು ಸೆರಗಿನಿಂದ ಒರೆಸಿ ನಮ್ಮನ್ನು ಕೂಡಿಸಿದಳು. ದೇವೇಂದ್ರಪ್ಪನವರು ಸುತ್ತು ಬಳಸದೆ ಹೇಳಿದರು. ತಪ್ಪು ನನ್ನದು, ಅವರದಲ್ಲ ಎಂದರು.

ಮುದುಕವ್ವ ಚಹಾ ತಂದಿಟ್ಟು, "ಚಾ ಕುಡೀರಿ, ಆರತೈತಿ," ಎಂದಳು.

ಆಮೇಲೆ ಯಂಕೋಬ, "ಸರ, ನಮ್ಮಂಥವ್ರು ಕೇಳಾಕ ಅಂಜತೀವಿ. ಕೇಳಾವ್ರು ಬೇಕಂತ ಮಕ್ಕಳನ್ನ ನಿಮ್ಮ ಕಡೆ ಕಳಸತೀವಿ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತೇನೋ.

ಕವಿತಾ ಬಾಗಿಲಿಗೆ ಆತು ನಿಂತಿದ್ದಳು. "ನನಗ ಕೇಳಾಕ ಬರ್ತಿತ್ರಿ, ಸರ್. ನೀವ ಬ್ಯಾಡ ಅಂದ್ರಿ," ಎಂದು ಒಳಗೆ ಹೋದಳು.

ಮರಳುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ನನ್ನಲ್ಲಿ ಎಲ್ಲ ಹೊತ್ತಿಗೂ ಒಂದು ಚಾಟೋಕ್ತಿ ಇರುತ್ತದೆ ಎಂದು ಕಾಲೇಜಿನಲ್ಲಿ ಹೆಸರು. ಅವತ್ತು ಇಬ್ಬರ ಟಿಕೆಟ್ಟು ತೆಗೆಸಿದೆ, ಅಷ್ಟೇ.

ಅಲ್ಲಿಂದ ಮುಂದೆ ದೇವೇಂದ್ರಪ್ಪನವರು ಬೇರೆ ಮನುಷ್ಯರಾದರು. ಸಂಕೋಚವೇ ಅವರ ಸಂಪತ್ತಾಗಿತ್ತು, ಅದನ್ನು ದಿನಕ್ಕಿಷ್ಟಿಷ್ಟು ಖರ್ಚು ಮಾಡತೊಡಗಿದರು. ಕಾರ್ಖಾನೆಗೆ ಹೋಗಿ ಕವಿತಾಳಿಗೆ ಬೇರೆ ಕೆಲಸ ಕೇಳಿದರು, ಇಲ್ಲವೆಂದರು. ಒಪ್ಪಂದದಲ್ಲಿ ಅವಳಿಗೊಂದು ವಿನಾಯಿತಿ ಕೇಳಿದರು, ಅದೂ ಆಗಲಿಲ್ಲ. ಪ್ರತಿ ಸಲವೂ ಕೇಳಿ ಬಂದು, ಬೆವರು ಒರೆಸಿಕೊಂಡು, ನನ್ನ ಎದುರಿನ ಕುರ್ಚಿಯಲ್ಲಿ ಕೂಡುತ್ತಿದ್ದರು. ವಿರೂಪಾಕ್ಷಮ್ಮ ಮಾತ್ರ ಮಗನನ್ನು ಆಡಿಕೊಂಡಳು. "ಸಾಲಿ ಕಲಿಸಾವ ಊರ ತುಂಬ ಬೇಡಿಕೊಂತ ಅಡ್ಡಾಡ್ತಾನ," ಎಂದು. ಅವರು ನಿಲ್ಲಿಸಲಿಲ್ಲ. ಕವಿತಾ ಅಷ್ಟರಲ್ಲಿ ಕುಷ್ಟಗಿ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದಳು.

ಮರುವರ್ಷ ಗವಿಸಿದ್ದೇಶ ಎಂಬ ಹುಡುಗನ ಹೆಸರನ್ನು ದೇವೇಂದ್ರಪ್ಪನವರು ಎಲ್ಲರಿಗಿಂತ ಮೊದಲೇ ಕಳಿಸಿ ಕೇಳಿದರು. ಜಾಗ ಸಿಕ್ಕಿತು. ಅವನನ್ನು ರೈಲು ಹತ್ತಿಸಲು ನಾವು ಕೊಪ್ಪಳ ಸ್ಟೇಷನ್ನಿಗೆ ಹೋದಾಗ ಕವಿತಾ ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದಳು. ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆ. ಅದರ ತುಂಬ ನೀರಿನ ಬಾಟಲಿಗಳು, ಒಂದೊಂದಕ್ಕೂ ಊರಿನ ಹೆಸರು ಬರೆದ ಚೀಟಿ.

"ತಮ್ಮ, ಇವನ್ನ ಅಲ್ಲೆ ಯಂತ್ರಕ್ಕ ಹಚ್ಚು," ಎಂದು ಗವಿಸಿದ್ದೇಶನಿಗೆ ಹೇಳಿದಳು. "ನಮ್ಮ ಸಾಲಿ ಮಕ್ಕಳ ಊರಿನ ಬೋರಿನ ನೀರು. ಆ ಮಕ್ಕಳ ಹಲ್ಲು ನೋಡಿದ್ರ ನಗು ಅಂತ ಹೇಳಾಕ ಮನಸ್ಸಾಗೂದಿಲ್ಲ."

"ಅಕ್ಕಾ, ಇಷ್ಟು ಹೊತಗೊಂಡು ಹೆಂಗ ಹೋಗ್ಲಿ? ಬಟ್ಟಿ ಚೀಲ ಬ್ಯಾರೆ ಐತಿ."

"ಬಟ್ಟಿ ಬಿಟ್ಟು ಹೋಗು."

ಆಮೇಲೆ ದೇವೇಂದ್ರಪ್ಪನವರ ಕಡೆ ತಿರುಗಿದಳು. ಒಂದು ವರ್ಷದಿಂದ ಅವರ ಜೊತೆ ಮಾತಾಡಿರಲಿಲ್ಲ. "ಸರ್, ಈ ನೀರಿನ ಮ್ಯಾಲೆ ಅವರು ಏನಾರ ಅಚ್ಚು ಹಾಕಿಸಿದ್ರ ಅದರಾಗ ನನ್ನ ಹೆಸರು ಇರಬೇಕು. ನಾ ಯಾವ ಕಾಲೇಜಿನಾಕಿನೂ ಅಲ್ಲ ಅಂತ ತಗದಾರು. ತಗೀಬಾರದು."

"ಕೇಳ್ತೀನವ್ವ."

"ಯಾವಾಗ್ರಿ?"

ದೇವೇಂದ್ರಪ್ಪನವರು ಜೇಬಿನಿಂದ ಫೋನು ತೆಗೆದು ಪ್ರೊಫೆಸರಮ್ಮನಿಗೆ ಹಚ್ಚಿದರು. ಈ ಸಲ ಮಳೆ ಬೆಳೆ ಹೇಳಲಿಲ್ಲ, ತಾಯಿಯ ನಮಸ್ಕಾರವನ್ನೂ ಹೇಳಲಿಲ್ಲ. ತಮಗೆ ಬರುವ ಹರಕು ಇಂಗ್ಲಿಷಿನಲ್ಲಿ, ಕವಿತಾಳ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದರು. ರೈಲು ಬಂದು ನಿಂತಿತು. ಗದ್ದಲದಲ್ಲಿ ಆ ಕಡೆಯವರಿಗೆ ಕೇಳಿಸಲಿಲ್ಲವೆಂದು ತೋರುತ್ತದೆ, ಮತ್ತೆ ಮೊದಲಿನಿಂದ ಹೇಳಿದರು. ಗವಿಸಿದ್ದೇಶನೂ ನಾನೂ ಪೆಟ್ಟಿಗೆಯನ್ನು ಬೋಗಿಯೊಳಗೆ ಏರಿಸಿದೆವು.

ಕವಿತಾ ದೇವೇಂದ್ರಪ್ಪನವರ ಪಕ್ಕದಲ್ಲೇ ನಿಂತು ಕೊನೆಯ ತನಕ ಕೇಳಿಸಿಕೊಂಡಳು. ಆ ಕಡೆಯವರು ಒಪ್ಪಿದರು ಎಂದು ಅವರು ಹೇಳಿದ ಮೇಲೆಯೇ ಕುಷ್ಟಗಿ ಬಸ್ಸು ಹಿಡಿಯಲು ಹೊರಟಳು. ಎಂ.ಎಸ್ಸಿ. ಓದುವುದು ಅವಳಿಗೆ ಆಗಲೇ ಇಲ್ಲ. ಎರಡು ವರ್ಷದ ಮೇಲೆ ಆ ನೀರಿನ ಬಗ್ಗೆ ಲೇಖನ ಅಚ್ಚಾಗಿ ಬಂದಾಗ ಅವಳ ಹೆಸರು ಅದರಲ್ಲಿತ್ತು. ಹೆಸರಿನ ಮುಂದೆ ಎಲ್ಲರಿಗೂ ಅವರವರ ವಿಶ್ವವಿದ್ಯಾಲಯವಿತ್ತು, ಅವಳ ಮುಂದೆ ಕುಷ್ಟಗಿ ತಾಲ್ಲೂಕಿನ ಆ ಶಾಲೆ.